ಅಮ್ಮನ ಅಳತೆ

ಅಮ್ಮ ಬಂದು ಮೇಕಪ್ ಕೋಣೆಯ ಕುರ್ಚಿಯಲ್ಲಿ ಕೂತು ಆಗಲೇ ಮುಕ್ಕಾಲು ಗಂಟೆಯಾಗಿತ್ತು. ಕನ್ನಡಿಯ ಸುತ್ತ ಹನ್ನೆರಡು ಬಲ್ಬುಗಳೂ ಉರಿಯುತ್ತಿದ್ದವು. ಆಕೆಯ ಮುಖಕ್ಕೆ ಬಣ್ಣ ಹಚ್ಚಬೇಕಾದವನು ಮಾತ್ರ "ಬ್ರಷ್ ತೊಳ್ಕೊಂಡು ಬರ್ತೀನಿ" ಎಂದು ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಪಕ್ಕದ ಬಟ್ಟೆ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಟೈಲರಕ್ಕ ಅರ್ಧ ತೆರೆದ ಬಾಗಿಲಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಬ್ರಷ್ ತೊಳೆಯಲು ಇಷ್ಟು ಹೊತ್ತು ಬೇಕಾದರೆ ಇವನು ನೀರಿಗಾಗಿ ಬಾವಿ ತೋಡುತ್ತಿರಬೇಕು ಎಂದುಕೊಂಡಳು.

ಅಮ್ಮ ಅಲ್ಲಿ ಯಾರ ಅಮ್ಮನೂ ಅಲ್ಲ. ದಿನಾ ಸಂಜೆ ಟೀವಿಯಲ್ಲಿ ಬರುತ್ತಿದ್ದ ಸಂಸಾರದ ಧಾರಾವಾಹಿಯಲ್ಲಿ ಆಕೆ ಆರು ವರ್ಷ ತಾಯಿಯ ಪಾತ್ರ ಮಾಡಿದ್ದಳು. ಅದೇ ಹೆಸರು ಸ್ಟುಡಿಯೋದಲ್ಲೂ ಅಂಟಿಕೊಂಡಿತ್ತು. ಉಳಿದವರೂ ಅಷ್ಟೆ: ದೊಡ್ಡ ಮಗ, ಸಣ್ಣ ಮಗ, ಸೊಸೆ, ಯಜಮಾನರು. ಟೈಲರಕ್ಕನಿಗೆ ಆ ಸಂಸಾರದ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ಆರು ವರ್ಷದಲ್ಲಿ ಆ ಮನೆಯವರು ಯಾರೂ ಒಂದು ದಿನ ಕೆಲಸಕ್ಕೆ ಹೋದದ್ದನ್ನು ಅವಳು ಕಂಡಿರಲಿಲ್ಲ. ಬೆಳಗಾದರೆ ತಲೆ ಬಾಚಿಕೊಂಡು, ಇಸ್ತ್ರಿ ಬಟ್ಟೆ ತೊಟ್ಟು, ಬಾಗಿಲ ಮರೆಯಲ್ಲಿ ನಿಂತು ಇನ್ನೊಬ್ಬರ ಮಾತು ಕದ್ದು ಕೇಳುವುದೇ ಅವರ ಕಸುಬು. ಮಲಗುವಾಗಲೂ ಇಸ್ತ್ರಿ ಬಟ್ಟೆಯೇ. ಆ ಇಸ್ತ್ರಿಯನ್ನೆಲ್ಲ ಮಾಡಿದವಳು ಇವಳು.

ಎಂಟು ತಿಂಗಳ ಹಿಂದೆ ಧಾರಾವಾಹಿ ನಿಂತಿತ್ತು. ಕೊನೆಯ ಕಂತಿನಲ್ಲಿ ಅಮ್ಮನ ಕಾರಿಗೆ ಬೆಂಕಿ ಬಿದ್ದು, ಆಕೆ ಆಸ್ಪತ್ರೆಯ ಮಂಚದ ಮೇಲೆ ಮುಖದ ತುಂಬ ಪಟ್ಟಿ ಸುತ್ತಿಕೊಂಡು ಮಲಗಿದ್ದಳು. ಇವತ್ತು ಎರಡನೇ ಸೀಸನ್ನಿನ ಮೊದಲ ದಿನ. ಮೊದಲ ದೃಶ್ಯದಲ್ಲೇ ಪಟ್ಟಿ ಬಿಚ್ಚುತ್ತಾರೆ; ಒಳಗಿಂದ ಇಪ್ಪತ್ತು ವರ್ಷ ಚಿಕ್ಕ ಮುಖವೊಂದು ಬರುತ್ತದೆ. ಹೊಸ ಅಮ್ಮ ದೊಡ್ಡ ಮಗನಿಗಿಂತ ನಾಲ್ಕೇ ವರ್ಷ ದೊಡ್ಡವಳು. "ನೋಡೋರು ಕೇಳಲ್ವಾ?" ಎಂದು ಬರಹಗಾರ ಮೀಟಿಂಗಿನಲ್ಲಿ ಬಾಯಿ ತಪ್ಪಿ ಕೇಳಿದ್ದಕ್ಕೆ, "ನೋಡೋರು ಇಷ್ಟು ವರ್ಷ ಏನಾದ್ರೂ ಕೇಳಿದಾರೇನಯ್ಯ?" ಎಂದಿದ್ದ ನಿರ್ದೇಶಕ. ಹಳೆಯ ಅಮ್ಮನಿಗೆ ತಾನೇ ಫೋನ್ ಮಾಡಿ ಹೇಳುತ್ತೇನೆ, ಬೇರೆ ಯಾರೂ ಬಾಯಿ ಬಿಡಬೇಡಿ ಎಂದೂ ಹೇಳಿದ್ದ. ಮಾಡಿರಲಿಲ್ಲ. ಮೇಲಾಗಿ, ಎಲ್ಲರಿಗೂ ಮೆಸೇಜ್ ಕಳಿಸಿದ ಮ್ಯಾನೇಜರ್ ಹಳೆಯ ಪಟ್ಟಿಯಿಂದ ಆಕೆಯ ನಂಬರ್ ತೆಗೆದೂ ಇರಲಿಲ್ಲ. ಬೆಳಗ್ಗೆ ಏಳೂವರೆಗೆ ಬನ್ನಿ ಎಂದಿತ್ತು ಮೆಸೇಜು. ಆಕೆ ಏಳೂಕಾಲಿಗೇ ಬಂದು ಕೂತಿದ್ದಳು.

ಅಷ್ಟರಲ್ಲಿ ಸಂಸಾರದವರು ಒಬ್ಬೊಬ್ಬರಾಗಿ ಬಂದು ಹೋದರು. ಸೊಸೆ ಬಾಗಿಲಲ್ಲೇ "ಅಮ್ಮಾ" ಎಂದು ಓಡಿ ಬಂದು ತಬ್ಬಿಕೊಂಡಳು. ಕಣ್ಣಲ್ಲಿ ನಿಜವಾದ ನೀರು. ಆರು ವರ್ಷ ಗ್ಲಿಸರಿನ್ ಇಲ್ಲದೆ ಒಂದು ಹನಿ ಉದುರಿಸದವಳು ಇವತ್ತು ಪುಕ್ಕಟೆಯಾಗಿ ಅತ್ತಳು. ಅತ್ತು, "ಆಮೇಲೆ ಬರ್ತೀನಿ, ಕೂತು ಮಾತಾಡೋಣ" ಎಂದು ಮೂಗು ಒರೆಸಿಕೊಳ್ಳುತ್ತಾ ಹೋದಳು. ದೊಡ್ಡ ಮಗ "ಎಷ್ಟು ತೆಳ್ಳಗಾಗಿಬಿಟ್ರಿ" ಎಂದವನು, ಬಾರದ ಫೋನನ್ನು ಕಿವಿಗಿಟ್ಟುಕೊಂಡು "ಹೇಳಿ ಸಾರ್, ಹೇಳಿ" ಎನ್ನುತ್ತಾ ಕಾರಿಡಾರಿಗೆ ಜಾರಿದ. ಯಜಮಾನರು ಬಾಗಿಲ ತನಕ ಬಂದರು, ಕನ್ನಡಿಯಲ್ಲಿ ಆಕೆಯ ಮುಖ ಕಂಡರು, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ತಿರುಗಿದರು. ಆರು ವರ್ಷ ಒಂದೇ ಮಂಚದ ಮೇಲೆ ಮಲಗಿದಂತೆ ನಟಿಸಿದ ಗಂಡ. ಆಮೇಲೆ ತುಂಬ ಹೊತ್ತು ಗಂಡಸರ ಶೌಚಾಲಯದ ಚಿಲಕ ತೆಗೆಯಲೇ ಇಲ್ಲ.

ಟೈಲರಕ್ಕನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ಮುಚ್ಚಿಡುವಂತಿಲ್ಲ. ಅಮ್ಮ ಅವಳನ್ನು ಒಂದು ದಿನವೂ ಟೈಲರಕ್ಕ ಎಂದು ಕರೆದವಳಲ್ಲ. "ಏ ಸೂಜಿ" ಎನ್ನುತ್ತಿದ್ದಳು. ಒಮ್ಮೆ ಜಿಪ್ಪು ಕೈಕೊಟ್ಟಿತೆಂದು ಇಡೀ ಸೆಟ್ಟಿನೆದುರು ಬಟ್ಟೆಯನ್ನು ಇವಳ ಮುಖಕ್ಕೆ ಎಸೆದಿದ್ದಳು. ಅಂಚು ಮಡಚಲು ಇವಳು ಕಾಲ ಬಳಿ ಮಂಡಿಯೂರಿದರೆ, ಬೇಕೆಂದೇ ಫೋನಿನಲ್ಲಿ ಮಾತಿಗಿಳಿದು ಅರ್ಧ ಗಂಟೆ ಹಾಗೇ ಕೂರಿಸುತ್ತಿದ್ದಳು. ಎರಡು ವಾರದ ಹಿಂದೆ ತಾಯಿಯ ಪಾತ್ರದ ಹನ್ನೊಂದು ಜೊತೆ ಬಟ್ಟೆಯನ್ನೂ ಹೊಸಬಳ ಅಳತೆಗೆ ಇಳಿಸು ಎಂದಾಗ, ಟೈಲರಕ್ಕ ಹಾಡು ಗುನುಗುತ್ತಾ ಆ ಕೆಲಸ ಮುಗಿಸಿದ್ದಳು.

"ಏ ಸೂಜಿ," ಎಂದು ಈಗ ಕರೆ ಬಂತು. "ಅವನು ಬರೋ ಹಾಗೆ ಕಾಣಲ್ಲ. ಬಟ್ಟೆನಾದ್ರೂ ಹಾಕ್ಕೋತೀನಿ. ಆ ನೀಲಿದು ತಾ."

ಲಾಂಡ್ರಿಗೆ ಹೋಗಿದೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಹಾಗೆ ಹೇಳಿದರೆ ಬ್ರಷ್ ತೊಳೆಯಲು ಹೋದವನಿಗೂ ಫೋನ್ ಹಿಡಿದವನಿಗೂ ಚಿಲಕ ಹಾಕಿಕೊಂಡವರಿಗೂ ತನಗೂ ಏನು ವ್ಯತ್ಯಾಸ? ಅವರ ಸಾಲಿನಲ್ಲಿ ನಿಲ್ಲುವುದನ್ನು ನೆನೆದೇ ಅವಳಿಗೆ ಮೈ ಉರಿಯಿತು. ಹ್ಯಾಂಗರಿನಿಂದ ನೀಲಿ ಬಟ್ಟೆ ತೆಗೆದು, ತೋಳಿನ ಮೇಲೆ ಹಾಕಿಕೊಂಡು ಹೋಗಿ ಆಕೆಯ ಮುಂದೆ ಹಿಡಿದಳು.

"ಇದು ನಿಮಗೆ ಆಗಲ್ಲ."

"ಯಾಕೆ, ದಪ್ಪ ಆಗಿದೀನಾ?"

"ಇಲ್ಲ. ಸಣ್ಣ ಮಾಡಿದೀನಿ, ಬೇರೆಯವರಿಗೆ. ಅವರು ಕೆಳಗೆ ಸೆಟ್ಟಲ್ಲಿ ಕೂತಿದಾರೆ. ಮುಖದ ಪಟ್ಟಿ ಬಿಚ್ಚಿದ ಮೇಲೆ ಅವರೇ ಅಮ್ಮ."

ಒಮ್ಮೆಗೇ ಹೇಳಿ ಮುಗಿಸಿದಳು. ಇಷ್ಟು ದಿನ ಮನಸ್ಸಿನಲ್ಲೇ ಸವಿದಿದ್ದ ಮಾತು. ಬಾಯಿಂದ ಹೊರಬಿದ್ದ ಮೇಲೆ ಅದಕ್ಕೆ ಯಾವ ರುಚಿಯೂ ಇರಲಿಲ್ಲ.

ಅಮ್ಮ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಒಳಮಗ್ಗುಲು ತಿರುವಿ, ಪಕ್ಕದ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದಳು. ಬಟ್ಟೆ ಸಣ್ಣ ಮಾಡುವಾಗ ಹೆಚ್ಚಿನದನ್ನು ಕತ್ತರಿಸದೆ ಒಳಗೇ ಮಡಚಿ ಬಿಡುವುದು ಹೊಲಿಯುವವರ ಪದ್ಧತಿ. ನಾಳೆ ಬೇಕಾದರೆ ಬಿಚ್ಚಿ ದೊಡ್ಡದು ಮಾಡಬಹುದು. ಇಲ್ಲಿ ಮಡಿಕೆಯೇ ಇರಲಿಲ್ಲ.

"ಕತ್ತರಿಸಿಬಿಟ್ಟಿದೀಯ."

"ಹೂಂ."

"ಹನ್ನೊಂದನ್ನೂ?"

"ಹನ್ನೊಂದನ್ನೂ."

"ನನ್ನ ಮೇಲಿನ ಸಿಟ್ಟಿಗೆ."

ಟೈಲರಕ್ಕ ನೆಲ ನೋಡಿದಳು. ಮೂವತ್ತು ವರ್ಷದ ಕಸುಬಿನಲ್ಲಿ ಅವಳು ಯಾರ ಬಟ್ಟೆಗೂ ಹಾಗೆ ಮಾಡಿರಲಿಲ್ಲ. ಕತ್ತರಿಸಿದ ಪಟ್ಟಿಗಳನ್ನು ಕಸದ ಬುಟ್ಟಿಗೆ ತುಂಬುವಾಗ ಸಿಕ್ಕ ಸಂತೋಷ ಎಂಥ ಕೀಳು ಸಂತೋಷ ಎಂದು ಈಗ ಗೊತ್ತಾಯಿತು. "ಹೂಂ," ಎಂದಳು.

"ಹೊಲಿಗೆ ಮಾತ್ರ ನೀಟಾಗಿದೆ," ಎಂದಳು ಅಮ್ಮ. ಬಟ್ಟೆಯನ್ನು ಮಡಚಿ ವಾಪಸು ಕೊಟ್ಟಳು. "ನನಗೆ ಒಂಬತ್ತು ದಿನದಿಂದ ಗೊತ್ತು. ಪೇಪರಲ್ಲಿ ಅವಳ ಫೋಟೋ ಬಂದಿತ್ತು. ಮೆಸೇಜ್ ಬಂದಾಗ, ಹೋಗಿ ಕೂತ್ಕೊಳೋಣ, ಯಾರು ಮುಖ ಕೊಟ್ಟು ಹೇಳ್ತಾರೋ ನೋಡೋಣ ಅನ್ನಿಸ್ತು. ಇಷ್ಟು ವರ್ಷ ನನ್ನ ಕೈಯಲ್ಲಿ ತುತ್ತು ತಿಂದಿದಾರಲ್ಲ, ಸುಳ್ಳು ತುತ್ತೇ ಆಗಲಿ. ಯಾರಾದ್ರೂ ಒಬ್ಬರು ಹೇಳ್ತಾರೆ ಅಂದ್ಕೊಂಡೆ. ಅದು ನೀನು ಅಂತ ಮಾತ್ರ ಅಂದ್ಕೊಂಡಿರಲಿಲ್ಲ."

"ನಾನೂ ಅಂದ್ಕೊಂಡಿರಲಿಲ್ಲ."

ಅಮ್ಮನ ತುಟಿ ಸ್ವಲ್ಪ ಅಲುಗಿತು. ನಕ್ಕಳೋ ಇಲ್ಲವೋ ಹೇಳುವುದು ಕಷ್ಟ. ಆಕೆ ಕೈಚೀಲ ತೆಗೆದುಕೊಂಡು, ಬಲ್ಬುಗಳನ್ನು ತಾನೇ ಆರಿಸಿ ಎದ್ದಳು.

ಕೆಳಗಿಳಿದವರು ಹೊರಗೆ ಹೋಗಬೇಕಾದರೆ ಸೆಟ್ಟನ್ನು ದಾಟಿಯೇ ಹೋಗಬೇಕು. ಊಟದ ಮೇಜಿನ ಸುತ್ತ ಇಡೀ ಸಂಸಾರ ಕೂತು ಮಾತು ಬಾಯಿಪಾಠ ಮಾಡುತ್ತಿತ್ತು. ಅಮ್ಮ ಮೆಟ್ಟಿಲಿಳಿಯುವುದು ಕಂಡದ್ದೇ ಎಲ್ಲರ ತಲೆ ತಟ್ಟೆಯೊಳಗೆ ಹೊಕ್ಕಿತು. ನಿರ್ದೇಶಕನಿಗೆ ಮಾನಿಟರಿನ ಹಿಂದೆ ಏನೋ ಬಿದ್ದು ಹೋಗಿ ಹುಡುಕುವ ಕೆಲಸ ಬಂತು. ಹಿಂದೆಯೇ ಬಟ್ಟೆ ಹಿಡಿದು ಬಂದಿದ್ದ ಟೈಲರಕ್ಕನಿಗೆ, ಇಷ್ಟು ದೊಡ್ಡ ದೀಪಗಳ ಕೆಳಗೆ ಇಷ್ಟು ಸಣ್ಣ ಜನ ಹೇಗೆ ಕೂತಿದ್ದಾರೆ ಎನ್ನಿಸಿತು. ಹೊಸ ಅಮ್ಮ ಒಬ್ಬಳೇ ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತಳು.

"ಕೂತ್ಕೋಮ್ಮ," ಎಂದಳು ಅಮ್ಮ. "ಆ ಕುರ್ಚಿ ಎಡಗಾಲು ಅಲುಗುತ್ತೆ. ಬಲಕ್ಕೆ ಭಾರ ಹಾಕು." ಮತ್ತೆ ದೊಡ್ಡ ಮಗನ ಪಕ್ಕದಲ್ಲಿ ಒಂದು ಗಳಿಗೆ ನಿಂತಳು. "ನೀನು ಫೋನು ತಲೆಕೆಳಗು ಹಿಡಿದಿದ್ದೆ ಕಣೋ. ಕ್ಯಾಮೆರಾ ಮುಂದೆ ಹಾಗೆ ಮಾಡಬೇಡ."

ಆಕೆ ಬಾಗಿಲು ದಾಟಿದ ಮೇಲೆ ಎಲ್ಲರಿಗೂ ಒಟ್ಟಿಗೆ ಮಾತು ಬಂತು. ಮ್ಯಾನೇಜರ್ ಟೈಲರಕ್ಕನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಿನಗೆ ಯಾರು ಹೇಳು ಅಂದಿದ್ದು?" ಎಂದು ಕೇಳಿದ.

"ಯಾರೂ ಅನ್ನಲಿಲ್ಲ. ಅದಕ್ಕೇ ಹೇಳಿದೆ."

"ಹೋಗ್ಲಿ ಬಿಡು, ಒಳ್ಳೇದೇ ಆಯ್ತು," ಎಂದು ನಿರ್ದೇಶಕ ಮಾನಿಟರಿನ ಹಿಂದಿನಿಂದ ಎದ್ದ. "ನಾನೇ ಹೇಳೋನಿದ್ದೆ." ಸೊಸೆ ಇದ್ದಕ್ಕಿದ್ದಂತೆ ಹಸಿವು ಎಂದಳು. ಯಜಮಾನರು, ಆಕೆಯದು ದೊಡ್ಡ ಮನಸ್ಸು, ಮೊದಲಿಂದಲೂ ಹಾಗೇ, ಎಂದು ಬಾಯ್ತುಂಬ ಹೊಗಳಿದರು. ಎಲ್ಲರ ಮುಖದಲ್ಲೂ ತಂಟೆಯ ಬಾಡಿಗೆದಾರರನ್ನು ಮನೆಯಿಂದ ಎಬ್ಬಿಸಿದ ಮೇಲೆ ಬರುವಂಥ ನಿರಾಳ.

ಟೈಲರಕ್ಕ ಮಹಡಿ ಹತ್ತಿ ಕಿಟಕಿಗೆ ಬಂದಳು. ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಅಮ್ಮ ಒಬ್ಬಳೇ ಕೂತಿದ್ದಳು. ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ದಾಟಿ ಹೋದವಳು ಗಕ್ಕನೆ ನಿಂತು, ಹಿಂದಕ್ಕೆ ಬಂದು, ಚೀಲಗಳನ್ನು ನೆಲಕ್ಕಿಟ್ಟಳು. ಮಾತು ಕೇಳಿಸುತ್ತಿರಲಿಲ್ಲ. ಅವಳು ಕೆನ್ನೆ ಮುಟ್ಟಿಕೊಂಡು ಏನೋ ಕೇಳಿದಳು. ಸುಟ್ಟ ಗಾಯ ವಾಸಿಯಾಯಿತೇ ಎಂದಿರಬೇಕು. ಆಮೇಲೆ ಬೆರಳು ಝಳಪಿಸುತ್ತಾ, ಧಾರಾವಾಹಿಯ ಸೊಸೆಯ ಮೇಲೋ ಮಗನ ಮೇಲೋ ದೂರು ಹೇಳತೊಡಗಿದಳು.

ಬಸ್ಸು ಬಂದು ನಿಂತಿತು. ಅಮ್ಮ ಅದರ ಬೋರ್ಡು ಓದಿದಳು. ಏಳಲಿಲ್ಲ. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆಂಚಿನ ಈಚೆ ತುದಿಗೆ ಸರಿದು ಆ ಹೆಂಗಸಿಗೆ ಜಾಗ ಮಾಡಿಕೊಟ್ಟಳು.