ಎದುರಂಗಡಿಯ ಬೋರ್ಡು

ಕ್ಷೌರದವನು ಶವದ ಗದ್ದಕ್ಕೆ ಸೋಪು ಹಚ್ಚಿ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಲು ನೋಡಿದ. ಕುತ್ತಿಗೆ ಮಣಿಯಲಿಲ್ಲ.

"ಅಮ್ಮಾ, ತಲೆ ಸ್ವಲ್ಪ ಹಿಡ್ಕೊಳ್ಳಿ."

ಹೆಂಡತಿ ಗಂಡನ ತಲೆಯ ಹಿಂದೆ ಕೂತು ಎರಡೂ ಕೈಯಿಂದ ಹಿಡಿದಳು. ನಿನ್ನೆ ಮಧ್ಯಾಹ್ನದವರೆಗೂ ಬೆಚ್ಚಗಿದ್ದ ಕಿವಿಗಳು ಈಗ ಅಂಗೈಗೆ ಒದ್ದೆ ಚರ್ಮದ ಹಾಗೆ ತಾಗಿದವು. ಕತ್ತಿ ಕೆನ್ನೆಯಿಂದ ಮೇಲಕ್ಕೆ ಬಂದು ಬಲಹುಬ್ಬಿನ ಬಳಿ ನಿಂತಿತು.

"ಹದಿನೈದು ವರ್ಷದಿಂದ ಇವರಿಗೆ ಕ್ಷೌರ ಮಾಡ್ತಿದ್ದೀನಿ. ಈ ಗುರುತು ಏನು ಅಂತ ಕೇಳಿದಾಗಲೆಲ್ಲ ಬಾಗಿಲು ತಗುಲ್ತು ಅಂತಿದ್ರು. ಬಾಗಿಲು ಎಲ್ಲಾದ್ರೂ ಇಷ್ಟು ದುಂಡಗೆ ತಗುಲುತ್ತಾ?"

ಹುಬ್ಬಿನ ಮೇಲೆ ಕತ್ತರಿಸಿದ ಉಗುರಿನಂಥ ಬಿಳಿಯ ಗೆರೆ ಇತ್ತು.

"ಬಾಗಿಲೇ," ಎಂದಳು ಹೆಂಡತಿ.

ಹೊರಗೆ ಮಗಳು ಬಂದವರಿಗೆ ಕುರ್ಚಿ ಹಾಕುತ್ತಿದ್ದಳು. ಬೀಜದ ಫಾರಂನಿಂದ ನಾಲ್ಕೈದು ಜನ ಬಂದಿದ್ದರು. ಸತ್ತವನು ಅಲ್ಲಿ ಮೂವತ್ತು ವರ್ಷ ಬಂದೂಕಿನ ಕಾವಲುಗಾರನಾಗಿದ್ದ. ಕಾಡುಹಂದಿಗಳು ಬೇಲಿ ಮುರಿದು ನುಗ್ಗಿದರೆ ಹೊಡೆಯುವುದು ಅವನ ಕೆಲಸ. ಫಾರಂನಲ್ಲಿ ಅವನನ್ನು ಹೆಸರಿಟ್ಟು ಕರೆದವರಿಲ್ಲ; ಎಲ್ಲರ ಬಾಯಲ್ಲೂ ಗುರಿಕಾರ. ಈಗಿನ ಮೇಲಧಿಕಾರಿ ಅವನನ್ನು ಕಂಡವನೇ ಅಲ್ಲ, ಆದರೂ ಹೂವಿನ ದೊಡ್ಡದೊಂದು ಚಕ್ರ ಹೊರಿಸಿಕೊಂಡು ಬಂದಿದ್ದ.

"ಅಪ್ಪ ಬೇಕಾಬಿಟ್ಟಿ ಗುಂಡು ಹಾರಿಸಿದೋರಲ್ಲ ಸಾರ್," ಮಗಳು ಅವನಿಗೆ ಹೇಳುತ್ತಿದ್ದಳು. "ಅಷ್ಟು ವರ್ಷ ಕೋವಿ ಹಿಡಿದ್ರು, ಒಂದು ನಾಯಿಗೂ ಗಾಯ ಆಗ್ಲಿಲ್ಲ. ಅವರ ಜೊತೆಗಿದ್ದವರೊಬ್ಬರು ತಮ್ಮ ಕೋವಿ ತಾವೇ ಸರಿಯಾಗಿ ಹಿಡೀದೆ ಕಾಲು ಕಳ್ಕೊಂಡ್ರು. ಅಪ್ಪ ಅದನ್ನೇ ತೋರಿಸಿ ನನಗೆ ಬುದ್ಧಿ ಹೇಳ್ತಿದ್ರು, ಎಚ್ಚರ ತಪ್ಪಿದ್ರೆ ಹೀಗಾಗುತ್ತೆ ಅಂತ."

ಮೇಲಧಿಕಾರಿ ತಲೆಯಾಡಿಸುವುದನ್ನು ನಿಲ್ಲಿಸಿ ಅವಳ ಬೆನ್ನ ಹಿಂದೆ ನೋಡಿದ. ಮಗಳು ತಿರುಗಿದಳು. ಗೇಟಿನ ಹತ್ತಿರ, ಕಂಕುಳಿಗೆ ಊರುಗೋಲು ಕೊಟ್ಟುಕೊಂಡು, ಮಡಚಿ ಪಿನ್ನು ಚುಚ್ಚಿದ ಪ್ಯಾಂಟಿನ ಕಾಲಿನ ಮುದುಕ ನಿಂತಿದ್ದ.

"ಶಿಳ್ಳೆ ಮಾಮ..." ಎಂದಳು, ಮುಖ ಕೆಂಪಾಗಿ.

"ಇರ್ಲಿ ಮಗಾ," ಎಂದ ಅವನು. "ನೀರು ಕೊಡು. ಬಸ್ಸು ನಿಲ್ಲೋ ಕಡೆಯಿಂದ ನಡೆದು ಬಂದೆ."

ಗುರಿಕಾರನ ಜೊತೆ ಕೋವಿ ಹಿಡಿದು ಕಾವಲಿದ್ದವನು; ಬೇಲಿಗುಂಟ ನಡೆಯುವಾಗ ತಾನು ಎಲ್ಲಿದ್ದೇನೆಂದು ಗುರಿಕಾರನಿಗೆ ತಿಳಿಯಲಿ ಅಂತ ಶಿಳ್ಳೆ ಹಾಕುತ್ತಿದ್ದವನು. ಅದಕ್ಕೇ ಆ ಹೆಸರು. ಒಳಗಿನಿಂದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ತಲೆಯನ್ನು ಮೆಲ್ಲಗೆ ದಿಂಬಿಗಿಳಿಸಿ ಎದ್ದಳು.

*

ಹತ್ತೊಂಬತ್ತು ವರ್ಷದ ಹಿಂದೆ, ಒಂದೇ ತಿಂಗಳಲ್ಲಿ ಮೂರು ಹಂದಿ ತಪ್ಪಿಸಿಕೊಂಡಾಗ, ಗುರಿಕಾರ ಹಳೆಯ ರೈಫಲಿನ ನಳಿಗೆಯ ತುದಿಯಲ್ಲಿದ್ದ ಕಬ್ಬಿಣದ ಗುರಿಮೊನೆಯನ್ನು ದೂರಿದ್ದ. ಆಗಿನ ಮೇಲಧಿಕಾರಿ ನಂಬಿ, ರೈಫಲಿಗೆ ದುರ್ಬೀನು ಕೂರಿಸಿಕೊಂಡು ಬಾ ಎಂದು ಪತ್ರ ಬರೆದುಕೊಟ್ಟ. ಹೆಂಡತಿಯೂ ಜೊತೆಗೆ ಹೊರಟಳು. ಹೋಗದೆ ನಿರ್ವಾಹವಿರಲಿಲ್ಲ. ಗುರಿಮೊನೆಯಲ್ಲಿ ದೋಷವಿಲ್ಲವೆಂದು ಗೊತ್ತಿದ್ದವರು ಅವರಿಬ್ಬರೇ. ದೂರದ ಊರಿನ ಕಣ್ಣಿನ ಡಾಕ್ಟರು, ಕಣ್ಣಿನ ನಡುಭಾಗವೇ ಸವೆಯುತ್ತಿದೆ, ಕನ್ನಡಕದಿಂದ ಆಗುವಂಥದ್ದಲ್ಲ ಎಂದಿದ್ದರು.

"ಯಾರನ್ನ ನೋಡಿದ್ರೂ ಮುಖ ಇಲ್ಲ ಕಣೇ, ಕಿವಿ ಇದೆ," ಎಂದು ಅವನು ಒಮ್ಮೆ ನಗುತ್ತಲೇ ಹೇಳಿದ್ದ. ನಿವೃತ್ತಿಗೆ ಇನ್ನೂ ಎರಡು ವರ್ಷ. ಕೆಲಸ ಹೋದರೆ ಫಾರಂನ ಮನೆ ಬಿಡಬೇಕು, ಮಗಳ ಶಾಲೆ ಬಿಡಿಸಬೇಕು.

ಬಂದೂಕಿನ ಅಂಗಡಿ ಓಣಿಯಂತೆ ಉದ್ದಕ್ಕಿತ್ತು. ಎಣ್ಣೆ ಮತ್ತು ಹಳೆಯ ಚರ್ಮದ ವಾಸನೆ. ಅಂಗಡಿಯವನು ಹಸಿರು ಬಟ್ಟೆ ಹಾಸಿ ಅದರ ಮೇಲೆ ಎರಡು ದುರ್ಬೀನು ಇಟ್ಟ.

"ಯಾವುದಕ್ಕೆ?"

"ಹಂದಿಗೆ."

"ಎಷ್ಟು ದೂರ? ಯಾವ ಹೊತ್ತಲ್ಲಿ?"

"ನೂರು ಹೆಜ್ಜೆ. ಹೊತ್ತು ಇಳಿಯುವಾಗ ಬರ್ತಾವೆ."

"ಹಾಗಾದ್ರೆ ಕಣ್ಣು ಮುಚ್ಕೊಂಡು ಇದನ್ನ ತಗೊಳ್ಳಿ," ಎಂದು ಚಿಕ್ಕದನ್ನು ಮುಂದೆ ತಳ್ಳಿದ. "ನಾಲ್ಕು ಪಟ್ಟು ಮಾತ್ರ ದೊಡ್ಡದಾಗಿ ಕಾಣುತ್ತೆ. ಆದ್ರೆ ಸುತ್ತಮುತ್ತ ಎಲ್ಲಾ ಕಾಣುತ್ತೆ. ಪಕ್ಕದಲ್ಲಿ ನಾಯಿ ಇದ್ಯಾ, ಮನುಷ್ಯ ಇದಾನಾ, ಗೊತ್ತಾಗುತ್ತೆ."

"ಆ ದೊಡ್ಡದು?"

"ಅದು ಹನ್ನೆರಡು ಪಟ್ಟು. ಹಲಗೆಗೆ ಗುರಿ ಇಟ್ಟು ಪಂದ್ಯ ಆಡೋರಿಗೆ. ಅದರಲ್ಲಿ ಹಂದಿ ಕಿವಿಯೊಳಗಿನ ಉಣ್ಣಿ ಎಣಿಸಬಹುದು, ಹಂದಿ ಎಲ್ಲಿ ನಿಂತಿದೆ ಅನ್ನೋದು ಮಾತ್ರ ತಿಳಿಯಲ್ಲ."

ಗುರಿಕಾರನ ಕೈ ಆಗಲೇ ದೊಡ್ಡದರ ಮೇಲಿತ್ತು. ವಸ್ತು ಎಷ್ಟು ದೊಡ್ಡದಾಗಿ ಕಂಡರೆ ಅಷ್ಟು ಒಳ್ಳೆಯದು, ಅದರ ಅಂಚಾದರೂ ಕಣ್ಣಿನ ನಡುವಿನ ಆ ಕುರುಡು ತೂತಿನಿಂದ ಹೊರಗುಳಿಯುತ್ತದೆ. ಹಾಗೆಂದು ಅಂಗಡಿಯವನಿಗೆ ಹೇಳುವುದು ಹೇಗೆ?

"ಸರಿ, ನೋಡಿ ಹಾಗಾದ್ರೆ." ಅಂಗಡಿಯವನು ಅದನ್ನು ನಳಿಗೆಯಿಲ್ಲದ ಮರದ ಹಿಡಿಗೆ ಕೂರಿಸಿ ಬಾಗಿಲ ಬಳಿ ಕೊಟ್ಟ. "ರಸ್ತೆಯಾಚೆ, ಎದುರಂಗಡಿ ಬೋರ್ಡು ಓದಿ."

ಗುರಿಕಾರ ಹಿಡಿಯನ್ನು ಹೆಗಲಿಗಾನಿಸಿದ. ಒಂದು ಕ್ಷಣ, ಎರಡು ಕ್ಷಣ. ಹೆಂಡತಿ ಹೊಸಿಲಿಗೆ ಬಂದು ರಸ್ತೆಯತ್ತ ಇಣುಕಿದಳು.

"ಅಯ್ಯೋ, ಹಳೇ ಹೊಲಿಗೆ ಮೆಷಿನ್ ಕೊಳ್ಳುತ್ತೇವೆ, ರಿಪೇರಿಯೂ ಉಂಟು ಅಂತ ಹಾಕಿದಾರೆ ನೋಡಿ! ನಮ್ಮದನ್ನ ತರಬಹುದಿತ್ತು."

"ಹಳೇ ಹೊಲಿಗೆ ಮೆಷಿನ್ ಕೊಳ್ಳುತ್ತೇವೆ," ಗುರಿಕಾರ ನಿಧಾನವಾಗಿ ಓದಿದ. "ರಿಪೇರಿಯೂ ಉಂಟು. ಎಷ್ಟು ಚೊಕ್ಕ ಕಾಣುತ್ತೆ!"

ಅಂಗಡಿಯವನು ಅವನ ಹಿಂದೆ ನಿಂತು ಮರದ ಹಿಡಿಯ ನೇರಕ್ಕೆ ನೋಡಿದ. ಅದು ಬೋರ್ಡಿಗಲ್ಲ, ಅದರ ಪಕ್ಕದ ಔಷಧಿ ಅಂಗಡಿಯ ಮುಚ್ಚಿದ ಬಾಗಿಲಿಗೆ ಮುಖ ಮಾಡಿತ್ತು. ಅವನು ಹೆಂಡತಿಯ ಮುಖ ನೋಡಿದ. ಅವಳೂ ಅವನನ್ನೇ ನೋಡಿದಳು, ರೆಪ್ಪೆ ಬಡಿಯದೆ.

"ಇನ್ನೊಂದು ಸಲ ಓದ್ತೀರಾ?"

"ಬಸ್ಸಿಗೆ ಹೊತ್ತಾಯ್ತು," ಎಂದಳು ಹೆಂಡತಿ.

ಅಂಗಡಿಯವನು ಸ್ವಲ್ಪ ಹೊತ್ತು ಬಟ್ಟೆಯ ಅಂಚು ಮಡಚುತ್ತ ನಿಂತ. ಆಮೇಲೆ ರೈಫಲಿಗೆ ದುರ್ಬೀನು ಕೂರಿಸಿದ. ಕೊಡುವಾಗ ಗುರಿಕಾರನಿಗೆ ಇಷ್ಟು ಮಾತ್ರ ಹೇಳಿದ: "ಕಣ್ಣು ಮೂರು ಬೆರಳು ದೂರ ಇರ್ಲಿ. ಹತ್ತಿರ ಇಟ್ರೆ ಹಿಂದಕ್ಕೆ ಒದ್ದು ಹುಬ್ಬು ಸೀಳುತ್ತೆ."

*

"ಕೂತ್ಕೋ," ಎಂದಳು ಹೆಂಡತಿ. ಹಿಂದಿನ ಕೋಣೆಯಲ್ಲಿ ಗೋಡೆಗಾನಿಸಿದ ಮಂಚ ಮತ್ತು ಔಷಧಿಯ ಸ್ಟೂಲು ಬಿಟ್ಟು ಏನೂ ಇರಲಿಲ್ಲ. ಶಿಳ್ಳೆ ಸ್ಟೂಲಿನ ಮೇಲೆ ಕೂತು ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ಅವಳಿಗೆ ಗೊತ್ತಿಲ್ಲ," ಎಂದಳು.

"ಗೊತ್ತಿಲ್ಲ ಅಂತ ಗೊತ್ತು ಅತ್ತಿಗೆ. ಬೇಜಾರಿಲ್ಲ. ನಾನು ಬಂದಿದ್ದು ಒಂದೇ ಮಾತು ಕೇಳೋಕೆ. ಕೊನೇಲಿ ಏನಾದ್ರೂ ಹೇಳಿದ್ನಾ?"

"ಏನನ್ನ?"

"ನನ್ನ ಬಗ್ಗೆ."

ಹೆಂಡತಿ ಇಲ್ಲವೆಂದು ತಲೆಯಾಡಿಸಿದಳು.

"ಪ್ರತಿ ತಿಂಗಳೂ ಬರ್ತಿದ್ದ," ಎಂದ ಶಿಳ್ಳೆ. "ಹೆಂಚು ಸರಿ ಮಾಡ್ಕೊಟ್ಟ. ಬಾವಿಗೆ ಹಗ್ಗ ತಂದ. ಟೀ ಕುಡಿದು ಹಂದಿ ವಿಷಯ, ಮಳೆ ವಿಷಯ ಮಾತಾಡ್ತಿದ್ದ. ಎದ್ದು ಬಾಗಿಲಿಗೆ ಹೋದಾಗಲೆಲ್ಲ ಈಗ ಹೇಳ್ತಾನೆ ಅಂದ್ಕೊಂಡು ಕೂತಿರ್ತಿದ್ದೆ. ಚಪ್ಪಲಿ ಹಾಕ್ಕೊಂಡು ಬರ್ತೀನಿ ಅಂತಿದ್ದ. ಅಷ್ಟೇ."

*

ದುರ್ಬೀನು ಕೂರಿಸಿ ತಂದ ಮೇಲೆ ಒಂದು ಸಂಜೆ ಗುರಿಕಾರ ಮನೆಗೆ ಬಂದಾಗ ಹುಬ್ಬಿನಿಂದ ಇಳಿದ ರಕ್ತ ಅಂಗಿಯ ಕಾಲರಿನವರೆಗೂ ಒಣಗಿತ್ತು. ಕೈಯ ರಕ್ತ ಅವನದಲ್ಲ.

"ನಡುವೆ ಏನೂ ಇರಲಿಲ್ಲ ಕಣೇ," ಎಂದ, ಅಡುಗೆಮನೆಯ ನೆಲದ ಮೇಲೆ ಕುಕ್ಕರಿಸಿ. "ಸುತ್ತ ಹುಲ್ಲು ಅಲ್ಲಾಡ್ತಿತ್ತು. ಕಪ್ಪಗೆ ಬಗ್ಗಿದ ಬೆನ್ನು. ಹಂದಿ ಅಂದ್ಕೊಂಡೆ. ಚೆನ್ನಾಗಿ ಕಾಣ್ಲಿ ಅಂತ ಕಣ್ಣು ಹತ್ತಿರ ಇಟ್ಟೆ."

ಶಿಳ್ಳೆ ಬಗ್ಗಿ ಕಿತ್ತ ಬೇಲಿ ಕಟ್ಟುತ್ತಿದ್ದ. ತುಂಡು ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರಿಂದ ಶಿಳ್ಳೆ ಹಾಕಿರಲಿಲ್ಲ. ಅವನ ಸೈಕಲ್ಲು ಹತ್ತು ಹೆಜ್ಜೆ ಆಚೆ ಕಂಬಕ್ಕೆ ಒರಗಿತ್ತು. ಹನ್ನೆರಡು ಪಟ್ಟಿನ ಆ ವೃತ್ತದೊಳಗೆ ಸೈಕಲ್ಲಿಗೆ ಜಾಗವಿರಲಿಲ್ಲ.

ಆಸ್ಪತ್ರೆಯ ದಾಖಲೆ ಬರೆಯುವವನು ಹೇಗಾಯಿತು ಎಂದು ಕೇಳಿದಾಗ, ಸ್ಟ್ರೆಚರಿನ ಮೇಲಿದ್ದ ಶಿಳ್ಳೆ ಬಾಗಿಲ ಬಳಿ ನಡುಗುತ್ತಿದ್ದ ಜೊತೆಗಾರನನ್ನು ಕಂಡು, "ಬೇಲಿ ದಾಟುವಾಗ ನನ್ನ ಕೋವಿನೇ ಹಾರ್ತು," ಎಂದುಬಿಟ್ಟ. ಮೂರನೆಯ ದಿನ ಮೊಣಕಾಲಿನ ಮೇಲಕ್ಕೆ ಕಾಲು ಕತ್ತರಿಸಿದರು. ಅಜಾಗರೂಕತೆ ಎಂದು ಬರೆದು ಫಾರಂನವರು ಕೆಲಸದಿಂದ ತೆಗೆದರು.

ಗುರಿಕಾರ ದುರ್ಬೀನನ್ನು ಕಳಚಿ ಕಚೇರಿಗೆ ಒಪ್ಪಿಸಿ, ಹಳೆಯ ಗುರಿಮೊನೆಯೇ ವಾಸಿ ಎಂದ. ಇನ್ನೆರಡು ವರ್ಷ ಗುಂಡುಗಳನ್ನೆಲ್ಲ ಆಕಾಶಕ್ಕೆ ಹಾರಿಸಿದ. ಹಂದಿಗಳು ಸದ್ದಿಗೇ ಓಡಿದವು. ಬೀಳ್ಕೊಡುಗೆಯ ದಿನ ಚಪ್ಪಾಳೆ ತಟ್ಟಿದರು.

*

"ಬಾಯಿ ತಪ್ಪಿ ಹೇಳಿದ್ದು ಅತ್ತಿಗೆ," ಎಂದ ಶಿಳ್ಳೆ. "ಆ ಗಳಿಗೆಗೆ ಅವನನ್ನ ಉಳಿಸಬೇಕು ಅನ್ನಿಸ್ತು. ಬೆಳಿಗ್ಗೆ ಅವನೇ ಬಂದು ಸರಿ ಮಾಡ್ತಾನೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಕಿತ್ತಳೆ ಹಣ್ಣು ತಂದ."

"ಅವರಿಗೆ ಕಣ್ಣು ಕಾಣ್ತಿರಲಿಲ್ಲ."

"ವಯಸ್ಸಿಗೆ ಮಂಜಾಗಿತ್ತು ಅಂತ ಗೊತ್ತು."

"ಮಂಜಲ್ಲ. ಎದುರಿಗಿದ್ದವರ ಮುಖವೇ ಕಾಣ್ತಿರಲಿಲ್ಲ. ಬಂದೂಕಿನ ಅಂಗಡೀಲಿ ಎದುರಿನ ಬೋರ್ಡು ಓದಿದ್ದು ನಾನು. ಅವರಿಗೆ ಕೇಳೋ ಹಾಗೆ ಗಟ್ಟಿಯಾಗಿ ಓದಿದೆ. ಅಂಗಡಿಯವನು ಚಿಕ್ಕ ದುರ್ಬೀನು ಕೊಡ್ತೀನಿ ಅಂದ. ದೊಡ್ಡದು ಹೊರಿಸ್ಕೊಂಡು ಬಂದಿದ್ದು ನಾನೇ."

ಹೊರಗೆ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಶಿಳ್ಳೆ ಅವಳನ್ನೇ ನೋಡಿದ.

"ಅವನಿಗಾಗ್ಲಿಲ್ಲ, ಸರಿ. ನೀವಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು."

"ಹತ್ತೊಂಬತ್ತು ವರ್ಷ, ಅತ್ತಿಗೆ."

"ಹೌದು."

ಬಾಗಿಲಲ್ಲಿ ಸದ್ದಾಗಿ ಇಬ್ಬರೂ ತಲೆಯೆತ್ತಿದರು. ಮಗಳು ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಎದೆಗವಚಿಕೊಂಡು ನಿಂತಿದ್ದಳು. ಯಾವಾಗ ಬಂದಳೋ.

"ಎತ್ತೋಕೆ ಜನ ಬಂದಿದ್ದಾರೆ ಅಮ್ಮ," ಎಂದಳು. ಸ್ವರ ಅವಳದಲ್ಲ ಎನ್ನುವಂತಿತ್ತು.

ಮಣ್ಣಿಗೆ ತಂದಾಗ ಬಿಸಿಲು ನೆತ್ತಿಗೇರಿತ್ತು. ಗುರಿಕಾರನ ಹಳೆಯ ಜೊತೆಗಾರರು ಎರಡು ಮಾತಾಡಲಿ ಎಂದ ಮೇಲಧಿಕಾರಿ. ಎಲ್ಲರೂ ಶಿಳ್ಳೆಯತ್ತ ನೋಡಿದರು. ಹೆಂಡತಿ ನೆಲ ನೋಡಿದಳು. ಅವನು ಗುಂಡಿಯ ಅಂಚಿಗೆ ಬಂದ.

"ಹದಿನಾಲ್ಕು ವರ್ಷ ಒಂದೇ ಬೇಲಿ ಕಾದ್ವಿ," ಎಂದ. ಅಷ್ಟೇ.

ಮಣ್ಣು ಮುಚ್ಚಿದ ಮೇಲೆ ಜನ ಗೇಟಿನತ್ತ ಕರಗಿದರು. ಶಿಳ್ಳೆಯೂ ತಿರುಗಿದ. ಆದರೆ ಊರುಗೋಲಿನ ತುದಿ ಹೊಸ ಮಣ್ಣಿನೊಳಗೆ ಗೇಣುದ್ದ ಇಳಿದು ಸಿಕ್ಕಿಕೊಂಡಿತ್ತು. ಎಳೆದ, ಬರಲಿಲ್ಲ. ಇನ್ನೊಮ್ಮೆ ಎಳೆದಾಗ ಮೈ ವಾಲಿತು.

ಮಗಳು ಓಡಿಬಂದು ಅವನ ಮುಂದೆ ಮಂಡಿಯೂರಿದಳು. "ನನ್ನ ಹೆಗಲು ಹಿಡ್ಕೊಳ್ಳಿ ಮಾಮ."

ಅವನು ಹಿಡಿಯಲಿಲ್ಲ. ಅವಳು ಎರಡೂ ಕೈಯಿಂದ ಊರುಗೋಲಿನ ಬುಡದ ಮಣ್ಣು ಕೆದರತೊಡಗಿದಳು. ಉಗುರುಗಳಲ್ಲಿ ಕೆಂಪು ಮಣ್ಣು ತುಂಬಿತು. ಅವನ ಒಂಟಿ ಕಾಲು ನಡುಗುತ್ತಿತ್ತು. ಕೊನೆಗೆ ಅವನ ಕೈ ಇಳಿದು ಬಂದು ಅವಳ ಹೆಗಲ ಮೇಲೆ ಕೂತಿತು, ಆಮೇಲೆ ಅವನ ಇಡೀ ಭಾರ. ಅವಳು ಒಂದು ಕಡೆಗೆ ಕುಸಿದು, ಹಲ್ಲು ಕಚ್ಚಿ ನೆಟ್ಟಗಾಗಿ, ತಲೆಯೆತ್ತದೆ ಮಣ್ಣು ಕೆದರುತ್ತಲೇ ಇದ್ದಳು.