ಹಸಿರು ಸರಿ, ಕೆಂಪು ತಪ್ಪು

ಒಂಬತ್ತು ವರ್ಷಗಳ ಹಿಂದೆ ನನ್ನನ್ನು ಕಳ್ಳನೆಂದು ಕರೆದ ಮನುಷ್ಯ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಕರವಸ್ತ್ರದಿಂದ ಸ್ಟೂಲು ಒರೆಸಿ ಕೂತು, ಬೋರ್ಡು ಬರೆಯುವವರು ನೀವೇನಾ ಎಂದು ಕೇಳಿದರು. ಬಹುವಚನ ಬೇರೆ. ಆಸಾಮಿಗೆ ಗುರುತೇ ಹತ್ತಲಿಲ್ಲ. ಒಂಬತ್ತು ವರ್ಷ ನಾನು ಹಲ್ಲು ಕಡಿದದ್ದು ನನ್ನ ಮುಖವನ್ನೇ ಮರೆತವರ ಮೇಲೆ.

ಮಕ್ಕಳ ಬಾಯಲ್ಲಿ ಅವರು ಫುಲ್‌ಸ್ಟಾಪ್ ಮೇಷ್ಟ್ರು. ಇಂಗ್ಲಿಷ್ ಡಿಕ್ಟೇಶನ್ ಕೊಡುವಾಗ ಕಾಮಾ, ಫುಲ್‌ಸ್ಟಾಪುಗಳನ್ನೂ ಬಾಯಿಬಿಟ್ಟು ಓದುತ್ತಿದ್ದರು. ಆ ಚಟ ಬೈಗುಳಕ್ಕೂ ಅಂಟಿತ್ತು. "ಕತ್ತೆ, ಕಾಮಾ, ಹೊರಗೆ ನಿಲ್ಲು, ಫುಲ್‌ಸ್ಟಾಪ್" ಎಂದರೆ ಮುಗಿಯಿತು, ಮುಂದೆ ಮಾತಿಲ್ಲ.

ಮುಂದಿನ ತಿಂಗಳು ನಿವೃತ್ತಿಯಂತೆ. ಹೋಗುವ ಮೊದಲು ಎಂಟನೇ ಕ್ಲಾಸಿನ ಉದ್ದ ಗೋಡೆಯ ತುಂಬ ಇಂಗ್ಲಿಷ್ ವ್ಯಾಕರಣ ಬರೆಸಬೇಕಂತೆ. ಶನಿವಾರ ಶಿಕ್ಷಣ ಅಧಿಕಾರಿ ಬಂದು ಪರದೆ ಸರಿಸುತ್ತಾರಂತೆ. ಕಾಗದದ ಸುರುಳಿ ಬಿಚ್ಚಿದರು. ಇಪ್ಪತ್ತೆರಡು ನಿಯಮ, ಪ್ರತಿಯೊಂದರ ಕೆಳಗೆ ಒಂದು ತಪ್ಪು ವಾಕ್ಯ, ಒಂದು ಸರಿ ವಾಕ್ಯ. ಎಲ್ಲವೂ ಕಪ್ಪು ಶಾಯಿಯಲ್ಲಿ. ಅಂಚಿನಲ್ಲಿ ಮಾತ್ರ ಒಂದೊಂದಕ್ಕೂ 'ಕೆ' ಅಥವಾ 'ಹ' ಎಂಬ ಗುರುತು.

"ಹಸಿರು ಸರಿ, ಕೆಂಪು ತಪ್ಪು. ಮೇಲ್ಗಡೆ ನಮ್ಮ ಭಾಷೇಲೇ ದಪ್ಪಗೆ ಬರೀರಿ. ಮಗು ಓದೋಕ್ ಮುಂಚೇನೇ ಬಣ್ಣ ಹೇಳ್ಬೇಕು," ಎಂದರು.

ಜೇಬಿನಲ್ಲಿ ಅದೇ ಕೆಂಪು ಪೆನ್ನು, ಮುಚ್ಚಳಕ್ಕೆ ಸುತ್ತಿದ ಅದೇ ಬಿಳಿ ದಾರ. ಯಾರೂ ಕದಿಯದಿರಲೆಂದು ದಾರ ಸುತ್ತಿದ್ದಾರೆ, ಎಂಥ ಜಿಪುಣ ಎಂದು ಆಗ ನಾವು ನಗುತ್ತಿದ್ದೆವು.

ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆನೆಂದರೆ, ನನಗೆ ಈ ಮನುಷ್ಯನಿಂದ ಒಂದು ಕ್ಷಮಾಪಣೆ ಪತ್ರ ಬೇಕಿತ್ತು. ಇಂಗ್ಲಿಷಿನಲ್ಲಿ, ಕಾಮಾ ಫುಲ್‌ಸ್ಟಾಪು ಸಮೇತ.

ಎಂಟನೇ ಕ್ಲಾಸಿನಲ್ಲಿ 'ನನ್ನ ಸೈಕಲ್' ಎಂಬ ಪ್ರಬಂಧ ಬರೆದಿದ್ದೆ. ನನ್ನ ಹತ್ತಿರ ಸೈಕಲ್ಲೇ ಇರಲಿಲ್ಲ. ಅದಕ್ಕೇ ಚೆನ್ನಾಗಿ ಬಂದಿತ್ತು. ನೋಟ್‌ಬುಕ್ ವಾಪಸ್ ಬಂದಾಗ ಕೆಳಗೆ 'ವೆರಿ ಗುಡ್', ಅದರ ಕೆಳಗೆ ಸಹಿ, ಎರಡೂ ಹಸಿರು ಶಾಯಿಯಲ್ಲಿ. ಇಡೀ ಬೆಂಚಿಗೆ ತೋರಿಸಿದೆ. ಇವನೊಬ್ಬನದು ಯಾಕೆ ಹಸಿರು ಎಂದು ಹಿಂದಿನ ಬೆಂಚಿನವನು ಕೂಗಿದ. ಮೇಷ್ಟ್ರು ನೋಟ್‌ಬುಕ್ ಇಸಿದುಕೊಂಡು ನೋಡಿದರು. ಹಸಿರು ಪೆನ್ನು ಹೆಡ್‌ಮಾಸ್ಟರದು, ತಾನು ಜನ್ಮದಲ್ಲಿ ಅದನ್ನು ಮುಟ್ಟಿದವನಲ್ಲ ಎಂದರು. ನಾನು ಊರಿನವರ ಕೈಬರಹವನ್ನೆಲ್ಲ ನಕಲು ಮಾಡುತ್ತೇನೆಂದು ಕ್ಲಾಸಿಗೇ ಗೊತ್ತಿತ್ತು. ಆದ್ದರಿಂದ ನಾನೇ ಬರೆದುಕೊಂಡಿದ್ದೇನೆಂದು ತೀರ್ಮಾನವಾಯಿತು. ಕಳ್ಳ, ಕಾಮಾ, ಕ್ಷಮಾಪಣೆ ಪತ್ರ ತಂದರೆ ಮಾತ್ರ ಒಳಗೆ, ಫುಲ್‌ಸ್ಟಾಪ್.

ನಾನು ಪತ್ರ ಬರೆಯಲಿಲ್ಲ. ಅಮ್ಮ ಇಸ್ತ್ರಿ ಅಂಗಡಿ ಮುಚ್ಚಿ ಮೂರು ದಿನ ಶಾಲೆಯ ಗೇಟಿನಲ್ಲಿ ನಿಂತಳು. ನಾಲ್ಕನೇ ದಿನ ಮರದ ಹ್ಯಾಂಗರು ಮುರಿಯುವವರೆಗೆ ನನಗೆ ಬಾರಿಸಿದಳು. ಆದರೂ ಬರೆಯಲಿಲ್ಲ, ಶಾಲೆಯನ್ನೇ ಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಒಂದು ದಿನ, ಬಟ್ಟೆಗೆ ನೀರು ಚಿಮುಕಿಸುತ್ತ ಅಮ್ಮ ಅಂದಳು: "ನೀನೇ ಬರ್ಕೊಂಡಿದ್ರೂ ಪರವಾಗಿಲ್ಲ ಬಿಡೋ. ಅಕ್ಷರ ಮುದ್ದಾಗಿತ್ತು."

ಹ್ಯಾಂಗರಿಗಿಂತ ಅದು ಹೆಚ್ಚು ಉರಿಯಿತು.

ಈಗ ನನ್ನ ಯೋಜನೆ ಸುಲಭದ್ದು. 'ಕೆ' ಇದ್ದಲ್ಲಿ ಹಸಿರು, 'ಹ' ಇದ್ದಲ್ಲಿ ಕೆಂಪು. ಶುಕ್ರವಾರ ಮೇಷ್ಟ್ರು ನೋಡಲು ಬರುತ್ತಾರೆ, ಎದೆ ಧಸಕ್ಕೆನ್ನುತ್ತದೆ, ನಾಳೆಯೇ ಅಧಿಕಾರಿ ಎಂದು ಕೈಕಾಲು ಹಿಡಿಯುತ್ತಾರೆ. ಆಗ ಹಳೇ ನೋಟ್‌ಬುಕ್ ತೆಗೆದು ಮುಖಕ್ಕೆ ಹಿಡಿಯುವುದು. ಪತ್ರ ಬರೆದರೆ ಗೋಡೆ ತಿದ್ದುತ್ತೇನೆ, ಇಲ್ಲವಾದರೆ ಇಲ್ಲ.

ಸೋಮವಾರದಿಂದ ಗುರುವಾರದವರೆಗೆ ಕತ್ತು ಮುರಿಯುವಂತೆ ಬರೆದೆ. ರಜೆಯ ಶಾಲೆ, ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಸೀಮೆಸುಣ್ಣ ಹಚ್ಚಿದ ದಾರ ಎಳೆದು ಬಿಟ್ಟು ಗೆರೆ ಮೂಡಿಸುವುದು, ಮೊದಲು ಅಕ್ಷರ ಎಲ್ಲ ಮುಗಿಸುವುದು, ಕಡೆಗೆ ಸಣ್ಣ ಬ್ರಷ್ಷಿನಲ್ಲಿ ಕಾಮಾ ಚುಕ್ಕೆಗಳನ್ನು ಇಡುತ್ತ ಬರುವುದು. ತಮಾಷೆಯೆಂದರೆ ಎಲ್ಲ ನಿಯಮಗಳೂ ನನಗೆ ನೆನಪಿದ್ದವು. 'ಹಿ ಗೋ ಟು ಸ್ಕೂಲ್' ಎಂದು ಹಸಿರಿನಲ್ಲಿ ಬರೆಯುವಾಗ ಕೈ ತಾನಾಗಿ ನಿಂತಿತು. ಪ್ರಶ್ನೆಚಿಹ್ನೆಯಿಲ್ಲದ 'ವಾಟ್ ಈಸ್ ಯುವರ್ ನೇಮ್' ಹಚ್ಚಹಸಿರಾಗಿ, ಬಾಲ ಕತ್ತರಿಸಿದ ನಾಯಿಯಂತೆ ನನ್ನನ್ನೇ ನೋಡುತ್ತಿತ್ತು. ಹಲ್ಲು ಕಚ್ಚಿ ಮುಗಿಸಿದೆ.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಬಂದರು. ನಾನು ಏಣಿಯ ಮೇಲೆ ಕೂತು ಧಸಕ್ಕೆನ್ನುವುದಕ್ಕೆ ಕಾದೆ.

ಅವರು ಮೂಗು ಗೋಡೆಗೆ ತಾಗುವಂತೆ ನಿಂತು ಒಂದನೇ ನಿಯಮದಿಂದ ಶುರುಮಾಡಿದರು. ಆರನೆಯದರಲ್ಲಿ ಫುಲ್‌ಸ್ಟಾಪು ದುಂಡಗಿಲ್ಲ, ಚೌಕವಾಗಿದೆ ಎಂದರು. ಹದಿಮೂರರಲ್ಲಿ ಕಾಮಾದ ಬಾಲ ಚಿಕ್ಕದಾಯಿತು ಎಂದರು. ಇಪ್ಪತ್ತೆರಡೂ ಮುಗಿದ ಮೇಲೆ ಹಿಂದೆ ಸರಿದು ನಿಂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೂವತ್ತೈದು ವರ್ಷದಿಂದ ಇಂಥದೊಂದು ಗೋಡೆ ಬೇಕೆಂದಿದ್ದೆ ಎಂದರು.

ಬಣ್ಣ ಸರಿಯಾಗಿದೆಯಾ ಎಂದು ಕೇಳಿದೆ.

"ಬಣ್ಣ ಅಂದ್ರೆ ಇದಪ್ಪ. ಎಷ್ಟು ಚೆನ್ನಾಗಿ ಎದ್ದು ಕಾಣ್ತಿದೆ ನೋಡಿ ತಪ್ಪು," ಎಂದು ಹಸಿರು ಸಾಲಿನ ಮೇಲೆ ಬೆರಳಿಟ್ಟರು.

ನನ್ನನ್ನೇ ಆಡಿಸುತ್ತಿದ್ದಾರೆಂದು ಮೊದಲು ಅನಿಸಿತು. ಆದರೆ ಮುಖದಲ್ಲಿ ಅಂಥದೇನೂ ಇರಲಿಲ್ಲ. ಏಣಿಯ ಮೇಲಿಂದಲೇ, ಆ ಹಸಿರು ಡಬ್ಬಿ ಸ್ವಲ್ಪ ಕೊಡಿ ಎಂದೆ. ನೆಲದಲ್ಲಿ ಮುಚ್ಚಳ ತೆರೆದ ಎರಡೇ ಡಬ್ಬಿ. ಮೇಷ್ಟ್ರು ಬಗ್ಗಿ ಒಂದನ್ನೆತ್ತಿ ಹೊರಗಿನ ಚೀಟಿ ಓದಲು ನೋಡಿದರು; ಬಣ್ಣ ಸೋರಿ ಚೀಟಿ ಮುಚ್ಚಿಹೋಗಿತ್ತು. ಇನ್ನೊಂದನ್ನೆತ್ತಿದರು. ಅದೂ ಹಾಗೇ. ಕಡೆಗೆ ಬಹಳ ಧೈರ್ಯದಿಂದ, ರಕ್ತದಂಥ ಕೆಂಪು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ನಾನು ಏಣಿಯಿಂದ ಇಳಿದೆ. ಚೀಲದಿಂದ ನೋಟ್‌ಬುಕ್ ತೆಗೆದು, 'ನನ್ನ ಸೈಕಲ್' ಪುಟ ಬಿಚ್ಚಿ ಎದುರು ಹಿಡಿದೆ.

ಅವರು ಓದಿದರು. ಸಹಿಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಮುಖ ನೋಡಿದರು, ಗಡ್ಡ ತೆಗೆದು ಒಳಗೆ ಯಾರಿದ್ದಾರೆಂದು ಹುಡುಕುವವರ ಹಾಗೆ. ಪಕ್ಕದ ಪುಟ್ಟ ಬೆಂಚಿನ ಮೇಲೆ ಕುಸಿದು ಕೂತರು. ಮೊಣಕಾಲು ಗಲ್ಲಕ್ಕೆ ಬಂದವು.

"ಹುಟ್ಟಿದಾಗಿನಿಂದ ಹೀಗೇ ಕಣಪ್ಪ. ಎರಡೂ ನಂಗೆ ಕೆಸರಿನ ಬಣ್ಣ. ಕೆಂಪು ಪೆನ್ನಿಗೆ ನಮ್ಮನೆಯವಳು ದಾರ ಸುತ್ತಿಕೊಡ್ತಾಳೆ. ಆವತ್ತು ಕೊನೇ ನೋಟ್‌ಬುಕ್ಕು ನಿಂದು. ಶಾಯಿ ಮುಗೀತು. ಸ್ಟಾಫ್ ರೂಮಿನ ಮೇಜಿನ ಮೇಲಿದ್ದ ಪೆನ್ನು ತಗೊಂಡೆ."

"ಯಾವಾಗ ಗೊತ್ತಾಯ್ತು?"

ಕಿಟಕಿಯಾಚೆ ಯಾರೋ ಗೇಟು ತೆರೆದು ಮುಚ್ಚಿದರು.

"ಕ್ಲಾಸಲ್ಲಿ ಗೊತ್ತಾಗ್ಲಿಲ್ಲ. ಮನೆಗೆ ಹೋಗೋ ದಾರೀಲಿ ಆ ಪೆನ್ನು ನೆನಪಾಗಿ ಗೊತ್ತಾಯ್ತು."

ಅಂದರೆ ಅದೇ ದಿನ. ಅಮ್ಮ ಗೇಟಿನಲ್ಲಿ ನಿಂತ ಮೂರೂ ದಿನ ಈ ಮನುಷ್ಯನಿಗೆ ಗೊತ್ತಿತ್ತು. ಆ ಕೆಂಪು ಡಬ್ಬಿಯನ್ನು ಅವರ ಬೋಳುತಲೆಗೆ ಸುರಿಯಬೇಕೆನಿಸಿತು. ಸುರಿದಿದ್ದರೂ ಯಾವ ಬಣ್ಣವೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಬಣ್ಣ ಕಾಣದ ಮೇಷ್ಟ್ರೆಂದು ಮಕ್ಕಳು ನಗುತ್ತಾರೆಂಬ ಹೆದರಿಕೆಯಿತ್ತಂತೆ. ಅವರ ಹೆದರಿಕೆಗೆ ನನ್ನ ಶಾಲೆ ಹೋಯಿತು. ಇಷ್ಟನ್ನೂ ಬಾಯಿಬಿಟ್ಟೇ ಹೇಳಿದೆ. ಗೋಡೆಯನ್ನು ತಿರುಗಾಮುರುಗಾ ಬರೆದಿದ್ದನ್ನೂ ಹೇಳಿದೆ. ಪತ್ರ ಬೇಕೆಂದೆ.

ಸುರುಳಿಯ ಹಿಂಬದಿ ಹರಿದು, ಬೆಂಚಿನ ಮೇಲೆ ಬಗ್ಗಿ, ಬರೆದರು. 'ಡಿಯರ್ ಸ್ಟೂಡೆಂಟ್' ಎಂದು ಶುರು. ನಾನೇ ಬರೆದದ್ದು, ನೀನಲ್ಲ, ತಿಳಿದೂ ಸುಮ್ಮನಿದ್ದೆ ಎಂದು ನಾಲ್ಕು ಸಾಲು. ನಾನು ಓದಿ ವಾಪಸ್ ಕೊಟ್ಟೆ. 'ಸ್ಟೂಡೆಂಟ್' ಆದ ಮೇಲೆ ಕಾಮಾ ಇರಲಿಲ್ಲ. ಅವರು ನೋಡಿ, ತಲೆಯಾಡಿಸಿ, ಹಾಕಿದರು. ಒಂಬತ್ತು ವರ್ಷದಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ನಲವತ್ತನಾಲ್ಕು ವಾಕ್ಯ ಅಳಿಸಿ ಬರೆಯಲು ನಾಲ್ಕು ದಿನ ಬೇಕು. ಇದ್ದದ್ದು ಅರ್ಧ ದಿನ. ನಾನು ಏಣಿ ಹತ್ತಿ ಮೇಲಿನ ಒಂದೇ ಸಾಲಿಗೆ ಸುಣ್ಣ ಬಳಿದು, ಒಣಗಿದ ಮೇಲೆ 'ಕೆಂಪು ಸರಿ, ಹಸಿರು ತಪ್ಪು' ಎಂದು ಬರೆದು ಇಳಿದೆ.

ಸಂಜೆ ಪತ್ರವನ್ನು ಇಸ್ತ್ರಿ ಮೇಜಿನ ಮೇಲೆ ಹರಡಿದೆ. ಅಮ್ಮನಿಗೆ ಇಂಗ್ಲಿಷ್ ಬರದು. ಬೆವರು ಬೀಳದಂತೆ ಕತ್ತು ಹಿಂದಕ್ಕೆಳೆದುಕೊಂಡು ನೋಡಿದಳು. ನಾನು ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ನನ್ನ ಕೆನ್ನೆ ಸವರಿದಳು.

"ಅಕ್ಷರ ಮುದ್ದಾಗಿದೆ. ಇದೂ ನೀನೇ ಬರ್ದಿದ್ದಾ?"

ಶನಿವಾರ ಅಧಿಕಾರಿ ಪರದೆ ಸರಿಸಿ, ಕೆಂಪು ಯಾಕೆ ಸರಿ ಎಂದು ಕೇಳಿದರಂತೆ. ಮಕ್ಕಳು ಮೂವತ್ತೈದು ವರ್ಷ ಕೆಂಪಿಗೆ ಹೆದರಿದ್ದು ಸಾಕು ಎಂದು ಮೇಷ್ಟ್ರು ಹೇಳಿದರಂತೆ. ಚಪ್ಪಾಳೆ ಬಿತ್ತಂತೆ. ಅದೃಷ್ಟ ಅಂದರೆ ಅದು. ಚಪ್ಪಾಳೆ ಮುಗಿಯುವುದಕ್ಕೇ ಗೇಟಿನಲ್ಲಿ ಕಾದಿದ್ದ ನಾನು, ಹಾರ ಹಾಕಿದ ಮೇಷ್ಟ್ರನ್ನು ಹಾಗೇ ಅಮ್ಮನ ಅಂಗಡಿಗೆ ಎಳೆದು ತಂದೆ.

ಅವರು ಬಟ್ಟೆಗಂಟುಗಳ ನಡುವೆ ನೆಟ್ಟಗೆ ನಿಂತು ಪತ್ರ ಓದಿದರು, ಡಿಕ್ಟೇಶನ್ ಕೊಡುವ ಹಾಗೆ, ಕಾಮಾ ಎಂದರೆ ಕಾಮಾ, ಫುಲ್‌ಸ್ಟಾಪ್ ಎಂದರೆ ಫುಲ್‌ಸ್ಟಾಪ್. ಆಮೇಲೆ ನಮ್ಮ ಮಾತಿನಲ್ಲಿ ಹೇಳಿದರು. "ಅವನು ಬರ್ದಿರ್ಲಿಲ್ಲಮ್ಮ. ನಾನೇ ಬರ್ದಿದ್ದೆ."

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಕೂತ್ಕೊಳ್ಳಿ ಎನ್ನಲಿಲ್ಲ.

"ನಿಮ್ಮ ತಪ್ಪಿಗೆ ನೀವು ಕಾಗದ ಬರ್ದ್ರಿ ಮೇಷ್ಟ್ರೇ. ಹ್ಯಾಂಗರ್ ಮುರ್ಯೋಗಂಟ ಹೊಡ್ದೋಳು ನಾನು. ಅದಕ್ಕ್ಯಾರು ಬರೀತಾರೆ? ನಾನು ಹೇಳ್ತೀನಿ, ನೀವು ಬರೀರಿ. ನಂದೂ ಇಂಗ್ಲಿಷಲ್ಲೇ ಇರ್ಲಿ."

ಅವಳು ಹೇಳಿದಳು, ಅವರು ಬರೆದರು. ನಡುನಡುವೆ ನಿಲ್ಲಿಸಿ, ಇಲ್ಲಿ ಕಾಮಾ ಹಾಕ್ಲಾ ಎಂದು ಕೇಳಿದರು. ಅಮ್ಮ ಯೋಚಿಸಿ, ಹಾಕಿ ಎಂದಳು. ನಾನು ಯಾರದೋ ಪ್ಯಾಂಟು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಕೊನೆಗೆ ಅಮ್ಮ ಸಹಿ ಹಾಕಿ ಪೆಟ್ಟಿಗೆಯ ಬಿಸಿ ಆರುವ ಮೊದಲೇ ಕಾಗದವನ್ನು ಒಂದು ಸಲ ಇಸ್ತ್ರಿ ಮಾಡಿ ನನ್ನ ಕೈಗಿಟ್ಟಳು.

ಒಂದಾದರೂ ತಪ್ಪು ಸಿಗಲೆಂದು ಎರಡು ಸಲ ಓದಿದೆ. ಸಿಗಲಿಲ್ಲ.