ಗುಲಾಬದಾನಿ ಸೇರಿದ ಟೋನರ್

ನನ್ನ ಎರಡೂ ಕೆನ್ನೆಯ ಮೇಲೆ ಬಂಗಿನ ಕಂದು ಕಲೆ ಇದೆ. ಮಗ ಶರಣು ಹುಟ್ಟಿದ ವರ್ಷ ಬಂದದ್ದು, ಅವನಿಗೆ ಹೆಣ್ಣು ನೋಡುವ ಹೊತ್ತಿಗೂ ಜಾಗ ಬಿಟ್ಟಿರಲಿಲ್ಲ. ನಮ್ಮ ಹಿರೇಕೆರೂರಿನ ಯಾರದೇ ಮದುವೆಯ ಫೋಟೋ ತೆಗೆದು ನೋಡಿ, ಹಿಂದಿನ ಸಾಲಿನಲ್ಲಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ನಿಂತ ಸುಧಾರಾಣಿ ನಾನೇ. ನನ್ನ ಸಿಟ್ಟಿಗೆ ಮನೆಯಲ್ಲಿ ಹೆದರದವರಿಲ್ಲ. ನಾನು ಮಾತ್ರ ಕ್ಯಾಮೆರಾ ಕಂಡರೆ ಹೆದರುತ್ತಿದ್ದೆ. ಶರಣುವಿನ ನಿಶ್ಚಯದಲ್ಲಾದರೂ ಮುಖ ತೆರೆದು ಮುಂದೆ ಕೂತು ಫೋಟೋ ತೆಗೆಸಿಕೊಳ್ಳಬೇಕು ಎಂಬುದೊಂದೇ ನನ್ನ ಆಸೆ.

ಯಾರೋ ಹೇಳಿದರೆಂದು ಲಿಂಬೆಹಣ್ಣು ತಿಕ್ಕಿದೆ, ಮುಖ ಕೆಂಪಗೆ ಉರಿಯಿತು. ಅದನ್ನು ನೋಡಿ ನೇತ್ರಾ ಕೆರಳಿದಳು. ನೇತ್ರಾ ಚಿಕ್ಕೇರೂರಿನ ನನ್ನ ತಂಗಿಯ ಮಗಳು. ಫಾರ್ಮಸಿ ಓದಿ, ನಮ್ಮ ಮನೆಯಲ್ಲೇ ಇದ್ದುಕೊಂಡು ಪೇಟೆಯ ಔಷಧದ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ.

"ದೊಡ್ಡವ್ವ, ಇನ್ನೊಮ್ಮೆ ಲಿಂಬಿಹಣ್ಣು ಮುಖಕ್ಕ ಮುಟ್ಟಿಸಿದ್ರ ನಾ ನಿನ್ನ ಮಾತಾಡ್ಸೂದಿಲ್ಲ ನೋಡು. ಮುಖಕ್ಕ ಹಚ್ಚೋ ನೀರು, ಟೋನರ್ ಅಂತಾರ, ನಾನ ಮಾಡಿ ಕೊಡ್ತೇನಿ."

ರವಿವಾರ ಅತ್ತೆ ಗುಡಿಗೆ ಹೋದ ಮೇಲೆ ಅಡುಗೆಮನೆ ಅವಳ ಕೈಗೆ ಹೋಯಿತು. ಪುಟ್ಟ ತೂಕದ ಯಂತ್ರ, ಡಿಸ್ಟಿಲ್ಡ್ ವಾಟರ್, ಗ್ಲಿಸರಿನ್, ಕೆಡದಂತೆ ಹಾಕುವ ಔಷಧ, ಕಲೆ ತಿಳಿಯಾಗಿಸುವ ನಿಯಾಸಿನಮೈಡ್ ಎಂಬ ಬಿಳಿ ಪುಡಿ. ಜೊತೆಗೆ ಸವಣೂರಿನ ಇಸ್ಮಾಯಿಲಸಾಬರ ಅತ್ತರಿನ ಅಂಗಡಿಯಿಂದ ತಂದ ಗುಲಾಬಿ ನೀರು. ಪುಡಿಯನ್ನು ನೂರಕ್ಕೆ ಐದರಂತೆ ತೂಗುತ್ತಿದ್ದಳು. ನನಗೆ ತಾಳ್ಮೆ ಎಲ್ಲಿಯದು?

"ಹತ್ತು ಹಾಕವಾ, ಬಂಗು ಲಗೂ ಹೋಗಲಿ."

"ಭಜಿಗೆ ಖಾರ ಹಾಕಿದಂಗ ಅಲ್ಲ ಇದು. ಹೆಚ್ಚಾದ್ರ ಉರಿ ಅಷ್ಟ ಹೆಚ್ಚಾಕ್ಕತಿ. ಮತ್ತ ಬಿಸಿಲಿಗೆ ಹೋಗಾಗ ಸನ್‌ಸ್ಕ್ರೀನ್ ಹಚ್ಚದಿದ್ರ ಮಾಡಿದ್ದೆಲ್ಲ ದಂಡ."

ಆಮೇಲೆ ಒಂದು ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, ಹುಳಿಯ ಅಂಶ ಸರಿಯಾಗಿದೆ ಎಂದಳು. ಆದರೂ ಮುಖಕ್ಕೆ ಹಚ್ಚಗೊಡಲಿಲ್ಲ. ಮೊಳಕೈಯ ಒಳಬದಿಗೆ ನಾಲ್ಕು ಹನಿ ಹಚ್ಚಿ, ಮರುದಿನದವರೆಗೂ ಕಾಯಿಸಿದಳು. ನಾನು ಗೊಣಗಿದ್ದೇ ಗೊಣಗಿದ್ದು.

ಅತ್ತೆ ಸರೋಜವ್ವನವರಿಗೆ ಇದು ಗೊತ್ತಾಗುವುದು ನನಗೆ ಬೇಡವಾಗಿತ್ತು. ಸೊಸೆ ತರುವ ವಯಸ್ಸಿನಲ್ಲಿ ಸಿಂಗಾರ ಏನು ಎಂದು ನಕ್ಕಾರು. ಅದಕ್ಕೇ ಟೋನರನ್ನು ಇಸ್ಮಾಯಿಲಸಾಬರ ಖಾಲಿ ಬಾಟಲಿಗೇ ತುಂಬಿಸಿ, ಅದರ ಚೀಟಿಯನ್ನೂ ಕೀಳದೆ, ಫ್ರಿಜ್ಜಿನಲ್ಲಿ ಉಪ್ಪಿನಕಾಯಿಯ ಹಿಂದೆ ಇಟ್ಟೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಬಾಟಲಿ ಖಾಲಿಯಾದಾಗಲೆಲ್ಲ ನೇತ್ರಾ ಹೊಸದಾಗಿ ಮಾಡಿ ತುಂಬಿದಳು, ತಿಂಗಳುಗಳು ಕಳೆದವು. ಬಂಗು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ತಿಳಿಯಾಯಿತು. ಅಷ್ಟಕ್ಕೇ ನನಗೆ ಖುಷಿಯೋ ಖುಷಿ, ಕನ್ನಡಿಯ ಮುಂದೆ ನಿಂತು ಹಾಡುವಷ್ಟು.

ಹೆಣ್ಣಿನವರು ಶಿಗ್ಗಾಂವಿಯವರು. ಅವರ ಮನೆ ಕಟ್ಟುವ ಕೆಲಸ ನಡೆದಿದ್ದರಿಂದ ನಿಶ್ಚಯ ನಮ್ಮ ಮನೆಯಲ್ಲೇ ಆಯಿತು. ಆ ದಿನ ಬೆಳಿಗ್ಗೆ ನನ್ನ ಧೈರ್ಯ ಜಾರಿತು. ಇದ್ದಬದ್ದ ಪೌಡರನ್ನೆಲ್ಲ ಕೆನ್ನೆಗೆ ಬಳಿದುಕೊಂಡೆ. ಅದು ಬಿರುಕು ಬಿಟ್ಟಂತೆ ಕಂಡಿತು. ಒರೆಸಿ, ಟೋನರ್ ಹಚ್ಚಿ, ಮತ್ತೆ ಬಳಿಯೋಣವೆಂದು ಫ್ರಿಜ್ ತೆರೆದರೆ ಬಾಟಲಿಯೇ ಇಲ್ಲ.

ಬಾಗಿಲ ಕಡೆ ನೋಡಿದೆ. ಅತ್ತೆ ಬೆಳ್ಳಿಯ ಗುಲಾಬದಾನಿ ಹಿಡಿದು, ಒಳಗೆ ಬರುವ ಬೀಗರ ಮೇಲೆಲ್ಲ ಸಂಭ್ರಮದಿಂದ ಚಿಮುಕಿಸುತ್ತಿದ್ದರು. ಪಕ್ಕದ ಕಿಟಕಿಯಲ್ಲಿ ಇಸ್ಮಾಯಿಲಸಾಬರ ಬಾಟಲಿ ಖಾಲಿಯಾಗಿ ನಿಂತಿತ್ತು.

"ಅಯ್ಯೋ ದೊಡ್ಡವ್ವ!" ಎಂದು ನೇತ್ರಾ ಓಡಿದಳು. ಬಂದವರನ್ನೆಲ್ಲ ತಡೆದು, "ಕಣ್ಣು ಉರಿಯಾಕತ್ತೈತೇನ್ರಿ? ಮುಖ ಕಡಿಯಾಕತ್ತೈತೇನ್ರಿ?" ಎಂದು ಕೇಳತೊಡಗಿದಳು. ಶಿಗ್ಗಾಂವಿಯ ಹಿರಿಯರೊಬ್ಬರು, "ಇಲ್ಲವ್ವ, ತಂಪ ಐತಿ, ಇನ್ನೊಂದಿಷ್ಟ ಹೊಡಿ," ಎಂದು ಮುಖ ಮುಂದೆ ಮಾಡಿದರು.

ಕೊನೆಗೆ ಹುಡುಗಿಯ ತಾಯಿ ಸುಶೀಲವ್ವ ಬಂದರು. ಬೀಗತಿ ಎಂದರೆ ಅತ್ತೆಗೆ ವಿಶೇಷ ಪ್ರೀತಿ. ಗುಲಾಬದಾನಿಯನ್ನು ನೇರ ಮುಖಕ್ಕೇ ಹಿಡಿದು ಝಾಡಿಸಿದರು. ಸುಶೀಲವ್ವನವರ ಪೌಡರ್ ಗೆರೆ ಗೆರೆಯಾಗಿ ಇಳಿಯಿತು. ಅವರು ಗಾಬರಿಯಿಂದ ಕರವಸ್ತ್ರದಲ್ಲಿ ಒರೆಸಿಕೊಂಡರು. ಎರಡೂ ಕೆನ್ನೆಯ ಮೇಲೆ ದಟ್ಟ ಬಂಗು.

ಯಾರೋ ಪಿಸುಗುಟ್ಟಿದರು. ಸುಶೀಲವ್ವ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಹಾಗೆ ತಿರುಗುವುದು ನನಗೆ ಹೊಸದೇ? ಸಿಟ್ಟು ನೆತ್ತಿಗೇರಿತು, ಪಿಸುಗುಟ್ಟಿದವರ ಮೇಲೆ, ಪೌಡರ್ ಬಳಿದುಕೊಂಡ ನನ್ನ ಮೇಲೆ. ಬಚ್ಚಲಿಗೆ ಹೋಗಿ ಹಸಿ ಟವೆಲ್ ತಂದು, ಎಲ್ಲರೆದುರು ನನ್ನ ಮುಖ ತಿಕ್ಕಿ ಒರೆಸಿದೆ.

"ಇಲ್ಲೆ ನೋಡ್ರಿ ಬೀಗತಿಯಾರ, ನನಗೂ ಐತಿ. ತಿಳಿ ಆಗೇತಿ, ಹೋಗಿಲ್ಲ. ಈಗ ನಿಮಗ ಹೊಡದ್ರಲ್ಲ, ಅದು ಗುಲಾಬಿ ನೀರಲ್ರಿ. ನಾ ಕದ್ದು ಹಚ್ಕೋತಿದ್ದ ಟೋನರ್."

ಅತ್ತೆ ಗುಲಾಬದಾನಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು.

"ಮದ್ಲ ಹೇಳಬಾರದೇನ, ಹುಚ್ಚಿ? ಊರಿಗೆಲ್ಲ ಹಂಚಿ ಕುಂತೆ. ನನಗ ಒಂದು ಹನಿ ಉಳದಿಲ್ಲ!"

ಮೊದಲು ನಕ್ಕವರು ಸುಶೀಲವ್ವ. ಸೆರಗು ಕೈಯಿಂದ ಜಾರಿತು. "ನನ್ನ ಮಗಳು ಹುಟ್ಟಿದಾಗ ಬಂದಿದ್ದು ಇದು. ಆವಾಗಿಂದ ಒಂದ ಫೋಟೋದಾಗೂ ನಾ ಇಲ್ರಿ," ಎಂದರು.

"ಇವತ್ತ ಇರ್ತೀರಿ. ಬರ್ರಿ," ಎಂದು ಕೈ ಹಿಡಿದು ಎಳೆದುಕೊಂಡು ಹೋದೆ. ಇಬ್ಬರೂ ಮುಂದಿನ ಕುರ್ಚಿಗಳಲ್ಲಿ ಒದ್ದೆ ಮುಖದಲ್ಲೇ ಕೂತೆವು. ಅವರು ನನ್ನನ್ನು ನೋಡಿ ನಕ್ಕರು, ನಾನು ಅವರನ್ನು ನೋಡಿ ನಕ್ಕೆ. ಫೋಟೋದವನು ಸುಮ್ಮನೆ ಕೂಡಿ ಎಂದು ಕೈಮುಗಿದರೂ ನಮಗೆ ನಗು ತಡೆಯಲಾಗಲಿಲ್ಲ.

ಆ ಫೋಟೋ ಈಗ ನಮ್ಮ ಪಡಸಾಲೆಯಲ್ಲಿದೆ. ಅದರ ತುಂಬ ನಾವಿಬ್ಬರೇ. ಮದುಮಕ್ಕಳು ನಮ್ಮ ಹಿಂದೆ ಅರ್ಧರ್ಧ ಕಾಣುತ್ತಾರೆ. ಬಂದವರಿಗೆಲ್ಲ ಶರಣು ಅದನ್ನು ತೋರಿಸಿ ನನ್ನನ್ನು ಬೈಯುತ್ತಾನೆ. ಬೈಯಲಿ.